ಕೊಸರಿಲ್ಲದ ಅಳತೆ

ಮಲ್ಲೇಶ್ವರಿಗೆ ಗೆರೆ ಬಂದಾಗ ಕೈ ನಿಲ್ಲಿಸುವುದು ಗೊತ್ತಿರಲಿಲ್ಲ.

ಗೆರೆ ಅಂದರೆ ಅಳತೆಯ ಗೆರೆ. ಕುಷ್ಟಗಿಯ ಹಳೆ ಬಜಾರಿನಲ್ಲಿ ಅವರದು ಎಣ್ಣೆ ಅಂಗಡಿ. ಹಿಂದಿನ ಕೋಣೆಯಲ್ಲಿ ಅಪ್ಪ ಉಮಾಪತಿ ಕರೆಂಟಿನ ಗಾಣ ಓಡಿಸುತ್ತಾನೆ, ಮುಂದೆ ಅವ್ವ ಶೇಖರಮ್ಮ ಕೂತು ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಅಳೆಯುತ್ತಾಳೆ. ಬಾಟಲಿ ಗಿರಾಕಿಯೇ ತರಬೇಕು. ಶೇಖರಮ್ಮ ಲಾಳಿಕೆ ಇಟ್ಟು ಮಾಪು ತುಂಬಿ ಸುರಿಯುತ್ತಾಳೆ. ಕೊನೆಯ ಹನಿ ಇಳಿಯುವ ತನಕ ಅವಳೂ ಗಿರಾಕಿಯೂ ಸುಮ್ಮನಿರುತ್ತಾರೆ. ಆಮೇಲೆ ಮಾಪನ್ನು ಇನ್ನೊಮ್ಮೆ ಡಬ್ಬಿಗೆ ಅದ್ದಿ, ಸಿಕ್ಕಷ್ಟನ್ನು ಮಣಿಕಟ್ಟು ತಿರುವಿ ಬಾಟಲಿಗೆ ಚೆಲ್ಲುತ್ತಾಳೆ. ಅದು ಕೊಸರು. ಅದು ಬಿದ್ದ ಮೇಲೆಯೇ ಗಿರಾಕಿ ಮುಚ್ಚಳ ತಿರುಗಿಸುವುದು.

"ಅಳತಿ ಗಿರಾಕಿದು, ಕೊಸರು ನಮ್ಮದು" ಎನ್ನುವುದು ಶೇಖರಮ್ಮನ ಮಾತು. ಅಳತೆ ಕೊಡುವುದು ಉಪಕಾರವಲ್ಲ, ಕೊಡಲೇಬೇಕಾದದ್ದು. ಅಂಗಡಿಯವಳು ಎಂಥವಳು ಎಂದು ಗೊತ್ತಾಗುವುದು ಅದರ ಮೇಲೆ ಬೀಳುವ ಚೂರಿನಲ್ಲಿ.

ಆರನೇ ಇಯತ್ತೆಯಿಂದ ಮಲ್ಲೇಶ್ವರಿ ದಿನಾ ಸಂಜೆ ಸಾಲೆ ಬಿಟ್ಟೊಡನೆ ಅವ್ವನ ಪಕ್ಕ ಕೂತವಳು. ಪಾವು ಅಂದರೆ ಇನ್ನೂರೈವತ್ತು ಎಂ.ಎಲ್., ಅರಪಾವು ಅಂದರೆ ನೂರಿಪ್ಪತ್ತೈದು. ಲೀಟರ್ ಎಣ್ಣೆ ಒಂಬೈನೂರ ಹತ್ತು ಗ್ರಾಂ ತೂಗುತ್ತದೆ. ಹಳೆಯ ಮಂದಿ ಈಗಲೂ ಎಣ್ಣೆಯನ್ನು ಕಿಲೋದಲ್ಲಿ ಕೇಳುತ್ತಾರೆ. ಯಾರಾದರೂ ಅರ್ಧ ಕಿಲೋ ಅಂದರೆ ಐನೂರ ನಲವತ್ತೊಂಬತ್ತೂವರೆ ಎಂ.ಎಲ್. ಎಂದು ಅವಳ ತಲೆ ಹೇಳುತ್ತಿತ್ತು, ಕೈ ಐನೂರೈವತ್ತಕ್ಕೆ ಸುರಿಯುತ್ತಿತ್ತು, ಅದರ ಮೇಲೆ ಕೊಸರು ಬೇರೆ.

ಇಂಥ ಹುಡುಗಿ ಕೊಪ್ಪಳದ ನರ್ಸಿಂಗ್ ಕಾಲೇಜಿಗೆ ಸೇರಿ, ಔಷಧದ ಲೆಕ್ಕದಲ್ಲಿ ಫೇಲಾಗುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ. ಹಾಸ್ಟೆಲಿನ ಅರ್ಧ ಹುಡುಗಿಯರಿಗೆ ಆ ಲೆಕ್ಕ ಹೇಳಿಕೊಟ್ಟವಳೇ ಅವಳು.

ಅವಳ ರೂಮಿನ ಗೆಳತಿ ನಾಹೀದಾ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವಳು. ಗ್ರಾಂನಿಂದ ಮಿಲಿಗ್ರಾಂ, ಮಿಲಿಗ್ರಾಂನಿಂದ ಮೈಕ್ರೊಗ್ರಾಂ, ಒಂದೊಂದು ಮೆಟ್ಟಿಲಿಗೂ ಸಾವಿರ. ನಾಹೀದಾ ಗುಣಿಸಬೇಕಾದಲ್ಲಿ ಭಾಗಿಸುತ್ತಿದ್ದಳು, ಭಾಗಿಸಬೇಕಾದಲ್ಲಿ ಅಳುತ್ತಿದ್ದಳು.

"ಲೇ, ಲೀಟರ್ ಮಾಪು ಒಂದ ಸಲ ಸುರಿದ್ರ ಸಾಕು. ಅದನ್ನ ಚಮಚದಾಗ ಸುರೀಬೇಕಾದ್ರ?" ಎಂದು ಮಲ್ಲೇಶ್ವರಿ ಕೇಳಿದ್ದಳು.

"ಭಾಳ ಸಲ ಸುರೀಬೇಕು."

"ಹಂಗಾದ್ರ ಮಾಪು ಸಣ್ಣದಾದಂಗ ಲೆಕ್ಕ ದೊಡ್ಡದಾಗತೈತಿ. ಗುಣಿಸು."

ನಾಹೀದಾ ಆಮೇಲೆ ತಪ್ಪಲಿಲ್ಲ. ಮೊದಲ ಪರೀಕ್ಷೆಯಲ್ಲೇ ಹತ್ತಕ್ಕೆ ಹತ್ತು ತೆಗೆದಳು. ಕಲಿಸಿದವಳಿಗೆ ಬಂದದ್ದು ಏಳು.

ಈ ಪರೀಕ್ಷೆಯಲ್ಲಿ ಏಳಕ್ಕೆ ಬೆಲೆಯಿಲ್ಲ, ಒಂಬತ್ತಕ್ಕೂ ಇಲ್ಲ. ಒಂಬತ್ತು ಪ್ರಶ್ನೆ ಕಾಗದದ ಮೇಲೆ, ಹತ್ತನೆಯದು ಕೈಯಲ್ಲಿ: ಹೇಳಿದಷ್ಟು ನೀರನ್ನು ಸಿರಿಂಜಿನಲ್ಲಿ ಎಳೆದು ತೋರಿಸಬೇಕು. ಹತ್ತೂ ಸರಿಯಾದರೆ ಮಾತ್ರ ಆಸ್ಪತ್ರೆಯ ವಾರ್ಡಿಗೆ ಕಳಿಸುತ್ತಾರೆ. ಮೂರು ಅವಕಾಶ. ಮೂರನೆಯದೂ ಹೋದರೆ ಜೊತೆಯವರೆಲ್ಲ ವಾರ್ಡಿಗೆ ಹೋಗುತ್ತಾರೆ, ತಪ್ಪಿದವಳು ಆರು ತಿಂಗಳು ಕಾಲೇಜಿನಲ್ಲೇ ಪ್ಲಾಸ್ಟಿಕ್ ಗೊಂಬೆಗೆ ಸೂಜಿ ಚುಚ್ಚುತ್ತ ಕೂತು ಕಿರಿಯರ ಬ್ಯಾಚಿನ ಜೊತೆ ಹೋಗಬೇಕು.

ಮೊದಲ ಪರೀಕ್ಷೆಯ ಕಾಗದ ಕೈಗೆ ಬಂದಾಗ ನಾಹೀದಾ ಅದನ್ನು ಕಸಿದುಕೊಂಡು ನೋಡಿದಳು.

"ಮೂರನೇದು. ಮುನ್ನೂರ ಎಪ್ಪತ್ತೈದು ಮಿಲಿಗ್ರಾಂ ಕೊಡಬೇಕು, ಗುಳಿಗಿ ಇನ್ನೂರೈವತ್ತರದು. ಒಂದೂವರಿ ಗುಳಿಗಿ. ನೀ ಎರಡು ಬರದೀಯಲ್ಲ?"

"ಅರ್ಧ ಗುಳಿಗಿ ಮುರುದು ಕೊಡೂದು ಒಂಥರಾ ಕಾಣಸತೈತಿ. ಮನಷ್ಯಾ ಆಸ್ಪತ್ರಿಗೆ ಬಂದಾನ."

"ಇಲ್ನೋಡು, ಸಿರಪ್ಪಿಂದು. ಏಳು ಪಾಯಿಂಟ್ ಎರಡು ಎಂ.ಎಲ್. ನಿಂದು ಏಳೂವರಿ."

"ಔಷಧ ಅಳಿಯೂ ಕಪ್ಪಿನ ಮ್ಯಾಲ ಏಳೂವರಿಗೆ ಗೆರಿ ಐತಿ. ಏಳು ಪಾಯಿಂಟ್ ಎರಡಕ್ಕ ಇಲ್ಲ."

"ಸಲೈನ್ ಹನಿ. ನಿಮಿಷಕ್ಕ ಮೂವತ್ತೊಂದು ಪಾಯಿಂಟ್ ಎರಡು ಐದು. ಮೂವತ್ತೊಂದು ಬರಿಯೋದು ಬಿಟ್ಟು ಮೂವತ್ತೆರಡು ಬರದೀ."

"ಕಾಲು ಹನಿ ಯಾರು ಬೀಳಸ್ತಾರಲೇ? ಪೂರಾ ಹನಿ ಕೊಟ್ಟೆ."

ನಾಹೀದಾ ಕಾಗದ ವಾಪಸ್ ಕೊಟ್ಟಳು. "ನೀ ಫೇಲಾಗಿಲ್ಲ ಬಿಡು. ದಾನ ಮಾಡಿ ಬಂದೀ."

ಎರಡನೆಯ ಪರೀಕ್ಷೆಯಲ್ಲಿ ಮಲ್ಲೇಶ್ವರಿ ಹುಷಾರಾಗಿದ್ದಳು. ಪ್ರತಿ ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಟ್ಟು ಕೈ ಕಟ್ಟಿ ಕೂತಳು. ಕಾಗದದ ಒಂಬತ್ತೂ ಸರಿ ಬಂದವು. ಹತ್ತನೆಯದು ಇಂಜೆಕ್ಷನ್. ಎರಡು ಎಂ.ಎಲ್.ನಲ್ಲಿ ಎಂಬತ್ತು ಮಿಲಿಗ್ರಾಂ ಇದೆ, ಮೂವತ್ತು ಬೇಕು. ಅವಳು 0.75 ಎಂದು ತಟ್ಟನೆ ಹೇಳಿ, ಎರಡು ಎಂ.ಎಲ್. ಸಿರಿಂಜು ಎತ್ತಿ ಎಳೆದಳು. ಆ ಸಿರಿಂಜಿನಲ್ಲಿ 0.7ಕ್ಕೆ ಒಂದು ಗೆರೆ, 0.8ಕ್ಕೆ ಒಂದು ಗೆರೆ, ನಡುವೆ ಏನೂ ಇಲ್ಲ. ಕೈ ತಾನಾಗಿಯೇ 0.8ಕ್ಕೆ ಹೋಗಿ ನಿಂತಿತು. ಸೂಕ್ಷ್ಮ ಗೆರೆಗಳ ಒಂದು ಎಂ.ಎಲ್. ಸಿರಿಂಜು ಅದೇ ಟ್ರೇಯಲ್ಲಿ ಪಕ್ಕಕ್ಕೇ ಇತ್ತು.

ಶೈಲಜಾ ಮೇಡಂ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗಂಗಾವತಿಯವರು, ಪಾಠ ಮಾಡಲು ಬರುವ ಮೊದಲು ಹನ್ನೊಂದು ವರ್ಷ ಮಕ್ಕಳ ವಾರ್ಡಿನಲ್ಲಿದ್ದವರು. ದನಿ ಏರಿಸುವ ಪೈಕಿಯಲ್ಲ.

"ಎಷ್ಟಂದಿ?"

"ಪಾಯಿಂಟ್ ಏಳು ಐದ್ರಿ."

"ಎಷ್ಟ ಎಳದೀ?"

ಮಲ್ಲೇಶ್ವರಿ ನೋಡಿದಳು. "ಪಾಯಿಂಟ್ ಎಂಟ್ರಿ."

"ಅಪ್ಪ ಏನ ಮಾಡ್ತಾರ?"

"ಎಣ್ಣಿ ಅಂಗಡಿ ಐತ್ರಿ ಮೇಡಂ. ಕುಷ್ಟಗ್ಯಾಗ. ಅವ್ವ ಅಳೀತಾಳ್ರಿ, ರಜೆಯಾಗ ನಾನೂ."

"ಹಂಗ ಹೇಳು. ನೀ ಕೊಸರು ಹಾಕಾಕತ್ತೀ." ಮೇಡಂ ಸಿರಿಂಜನ್ನು ಟ್ರೇಗೆ ಹಾಕಿದರು. "ನೋಡವ್ವ, ಎಣ್ಣಿ ಹೆಚ್ಚಾದ್ರ ಬಾಟ್ಲಿ ಬಾಯಿಂದ ಹೊರಗ ಚೆಲ್ಲತೈತಿ, ಕಾಣತೈತಿ, ಒರಸ್ತೀವಿ. ಔಷಧ ಹೆಚ್ಚಾದ್ರ ಎಲ್ಲೂ ಚೆಲ್ಲಂಗಿಲ್ಲ. ಒಳಗ ಉಳೀತೈತಿ. ಹತ್ತು ಕಿಲೋ ಕೂಸಿನ ಕಿಡ್ನಿ ಅದನ್ನ ಒರಸಬೇಕು."

ಮಲ್ಲೇಶ್ವರಿ ಟ್ರೇಯಲ್ಲಿದ್ದ ಒಂದು ಎಂ.ಎಲ್. ಸಿರಿಂಜಿನ ಕಡೆ ನೋಡಿದಳು.

"ಸಲೈನ್ ಲೆಕ್ಕದಾಗ ಪಾಯಿಂಟ್ ಆದಮ್ಯಾಲ ಐದು, ಇಲ್ಲಾ ಅದಕ್ಕಿಂತ ದೊಡ್ಡದಿದ್ರ ಹನಿ ಏರಸು. ಸಣ್ಣದಿದ್ರ ಬಿಡು. ಅದನ್ನ ಅಂಕಿ ಹೇಳಬೇಕು, ನಿನ್ನ ಮನಸ್ಸಲ್ಲ. ಸಿರಿಂಜಿನಾಗ ಗೆರಿ ಇಲ್ಲಂದ್ರ ಗೆರಿ ಇರೂ ಸಿರಿಂಜು ಹುಡುಕು. ನಿನ್ನ ತಲಿ ಕಲ್ತೈತಿ, ಕೈ ಕಲ್ತಿಲ್ಲ. ಸೋಮವಾರ ಕಡೀ ಸಲ. ಅಷ್ಟರಾಗ ಕೈಗೆ ಹೇಳಿ ಬಾ."

ಕೈಗೆ ಹೇಳುವುದು ಹೇಗೆ ಎಂದು ಪುಸ್ತಕದಲ್ಲಿ ಇರಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಮಲ್ಲೇಶ್ವರಿ ಕುಷ್ಟಗಿಗೆ ಹೊರಟಳು. ಕೈ ಕೆಟ್ಟದ್ದು ಎಲ್ಲಿಯೋ ಅಲ್ಲೇ ರಿಪೇರಿಯಾಗಬೇಕು ಎಂದು ಅವಳ ಲೆಕ್ಕ. ಬ್ಯಾಗಿನಲ್ಲಿ ಹತ್ತು ಎಂ.ಎಲ್.ನ ಒಂದು ಸಿರಿಂಜೂ ಇತ್ತು, ಸೂಜಿ ಇಲ್ಲದ್ದು.

ಮೊದಲು ಅವಳು ಅವ್ವನ ಕೊಸರನ್ನು ಅಳೆದಳು. ಶೇಖರಮ್ಮ ಗಿರಾಕಿಗೆ ಮಾಪು ಸುರಿದು, ಕೊಸರು ಹಾಕಲು ಕೈ ಎತ್ತಿದಾಗಲೆಲ್ಲ ಮಗಳು ಒಂದು ಬಟ್ಟಲು ಅಡ್ಡ ಹಿಡಿದು, ಬಿದ್ದದ್ದನ್ನು ಸಿರಿಂಜಿಗೆ ಎಳೆದು, ನೋಡಿ, ಗಿರಾಕಿಯ ಬಾಟಲಿಗೆ ಬಿಟ್ಟಳು. ಒಬ್ಬರಿಗೆ ಒಂಬತ್ತು ಎಂ.ಎಲ್. ಬಂತು. ಇನ್ನೊಬ್ಬರಿಗೆ ಆರು. ಎದುರಿನ ಪಂಕ್ಚರ್ ಅಂಗಡಿಯ ರಾಜಾಸಾಬ ಬರೀ ಅರಪಾವು ಒಯ್ಯುವವನು, ಅವನಿಗೆ ಹದಿನಾಲ್ಕು. ಸಿರಿಂಜು ಎರಡು ಸಲ ತುಂಬಬೇಕಾಯಿತು.

"ಇದೇನ ಯವ್ವ, ಒಬ್ಬೊಬ್ಬರಿಗೆ ಒಂದೊಂದು?"

"ಮಂದಿ ನೋಡಿ ಹಾಕ್ತೀನಿ. ರಾಜಾಸಾಬ ಅಂಗಡಿ ತಗದ ದಿನದಿಂದ ಬರಾಕತ್ಯಾನ."

"ಮತ್ತ ಆರು ಎಂ.ಎಲ್. ಯಾರಿಗಿ?"

"ಆಕಿ ಹೋದ ವಾರ ನಮ್ಮ ಎಣ್ಣಿ ಘಾಟು ಅಂದ್ಲು."

ಮಲ್ಲೇಶ್ವರಿಗೆ ನಗು ಬಂತು. ಅವ್ವನ ಮಣಿಕಟ್ಟಿನಲ್ಲಿ ಒಂದು ಪೂರಾ ಔಷಧದಂಗಡಿ ಇತ್ತು. ಮನುಷ್ಯರ ತೂಕಕ್ಕೆ ತಕ್ಕ ಡೋಸು ಹೋಗುತ್ತಿತ್ತು. ತನ್ನ ಕೈ ಮಾತ್ರ ಯಾರನ್ನೂ ನೋಡದೆ ಎಲ್ಲರಿಗೂ ಒಂದೇ ಸಮ ಚೆಲ್ಲುತ್ತಿತ್ತು.

ಹನ್ನೊಂದು ಗಂಟೆಗೆ ಶೇಖರಮ್ಮ, ರಜೆಯಲ್ಲಿ ಮಾಡುವಂತೆ, ಅಂಗಡಿಯನ್ನು ಮಗಳಿಗೇ ಬಿಟ್ಟು ಅಡುಗೆಗೆ ಒಳಗೆ ಹೋದಳು. ಮಗಳು ಗಾದಿಯ ಮೇಲೆ ಕೂತು ಅಭ್ಯಾಸ ಶುರು ಮಾಡಿದಳು. ಮಾಪು ಗೆರೆಗೆ ತುಂಬುವುದು, ಸುರಿಯುವುದು, ಕೊನೆಯ ಹನಿ ಇಳಿಯುವ ತನಕ ಕಾಯುವುದು, ಮಾಪನ್ನು ಬೋರಲು ಇಡುವುದು. ಇಷ್ಟೇ. ಮೊದಲ ಗಿರಾಕಿಗೆ ಕೈ ಅರ್ಧ ದಾರಿ ಹೋಗಿ ವಾಪಸ್ ಬಂತು. ಎರಡನೆಯವರಿಗೆ ಬೆರಳು ಮಾತ್ರ ಅಲುಗಿದವು. ಐದಾರು ಜನರಾಗುವಷ್ಟರಲ್ಲಿ ಕೈ ಮಾಪನ್ನು ಬೋರಲು ಹಾಕಿ ಸುಮ್ಮನೆ ಮಡಿಲಿಗೆ ಬಂದು ಕೂತಿತು. ಗಿರಾಕಿಗಳು ಬಾಟಲಿ ಹಿಡಿದು ನಿಂತೇ ಇರುತ್ತಿದ್ದರು. ಆಮೇಲೆ ಏನೋ ಅರ್ಥವಾದವರಂತೆ ಮುಚ್ಚಳ ಹಾಕಿಕೊಂಡು ಹೋಗುತ್ತಿದ್ದರು. ಯಾರೂ ಕೇಳಲಿಲ್ಲ. ಕೊಸರನ್ನು ಬಾಯಿ ಬಿಟ್ಟು ಕೇಳುವುದು ಕುಷ್ಟಗಿಯಲ್ಲಿ ಮರ್ಯಾದೆಯ ಕೆಲಸವಲ್ಲ.

ಭಾನುವಾರ ಬೆಳಿಗ್ಗೆ ರಾಜಾಸಾಬ ಮತ್ತೆ ಬಂದ. ಮನೆಗೆ ಬೀಗರು ಬಂದಿದ್ದರು, ಮಿರ್ಚಿ ಕರಿಯಬೇಕಿತ್ತು, ಅರ್ಧ ಲೀಟರ್ ಬೇಕಂತೆ. ಮಲ್ಲೇಶ್ವರಿ ಸುರಿದಳು, ಕಾದಳು, ಮಾಪು ಬೋರಲಿಟ್ಟಳು. ರಾಜಾಸಾಬ ಲಾಳಿಕೆ ತೆಗೆಯಲಿಲ್ಲ.

"ಯಾಕವ್ವ ಮಲ್ಲೇಶಿ, ಕೈ ನೋವೇನು?"

"ಇಲ್ಲ ಕಾಕಾ. ಅಳತಿ ಪೂರಾ ಐತಿ ನೋಡ್ರಿ."

"ಅಳತಿ ಪೂರಾ ಇರಾಕ ಬೇಕು. ಅದನ್ನ ನಾ ಕೇಳಿಲ್ಲ."

"ಸಿಟ್ಟಾಗಬ್ಯಾಡ್ರಿ ಕಾಕಾ. ನಾ ಅಭ್ಯಾಸ ಮಾಡಾಕತ್ತೀನಿ."

"ಏನ ಅಭ್ಯಾಸ?"

"ಕೊಸರು ಹಾಕದಂಗ ಇರೂದು. ನಾಳೆ ಪರೀಕ್ಷೆ ಐತ್ರಿ."

ರಾಜಾಸಾಬ ಲಾಳಿಕೆಯನ್ನು ನಿಧಾನವಾಗಿ ಕಿತ್ತು ಹಲಗೆಯ ಮೇಲಿಟ್ಟ. "ಇದನ್ನ ಕಲಸಾಕ ಕೊಪ್ಪಳದಾಗ ಕಾಲೇಜು ತಗದಾರೇನು? ಇದು ನಮ್ಮ ಬಜಾರಿನಾಗ ಪುಕ್ಕಟೆ ಕಲಸ್ತಾರ. ಆ ತುದಿ ಎಣ್ಣಿ ಅಂಗಡ್ಯಾಗ ಕೇಳಿದ್ರ ಹೇಳತಿದ್ರು."

"ಹಂಗಲ್ಲ ಕಾಕಾ, ಔಷಧ—"

"ಎಣ್ಣಿ ಕೇಳಾಕ ಬಂದೀನಿ ನಾ. ಔಷಧ ಕೇಳಾಕಲ್ಲ."

ಅವನು ಹೋದ. ಪಂಪು ಹೊಡೆದ ಟ್ಯೂಬಿನಂತೆ ಅವನ ಬೆನ್ನು ಬಿಗಿದಿತ್ತು. ಮಲ್ಲೇಶ್ವರಿಯ ಕೈ ತಾನಾಗಿ ಮಾಪಿನ ಕಡೆ ಹೋಯಿತು. ಕೂಗಿ ಕರೆದು ಒಂದು ಚೂರು ಹಾಕಿಬಿಟ್ಟರೆ ಮುಗಿಯಿತು. ಅವಳು ಆ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಈ ಕೈ ಬೇಕಿತ್ತು.

ಒಳಬಾಗಿಲಲ್ಲಿ ಶೇಖರಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನಿನ್ನಿಯಿಂದ ಹಿಂಗ ಮಾಡೀ?"

"ಹೂಂ ಯವ್ವ."

"ಎಷ್ಟ ಮಂದಿಗೆ?"

"ಎಣಿಸಿಲ್ಲ. ಮೂವತ್ತು ನಲವತ್ತು."

ಶೇಖರಮ್ಮ ಬೈಯಲಿಲ್ಲ. ಗಾದಿಯ ಮೇಲಿನ ಮಗಳನ್ನು ಎಬ್ಬಿಸಿ ತಾನು ಕೂತಳು. "ನಿಮ್ಮ ಮೇಡಮ್ಮಾರಿಗೆ ಹೇಳು, ಅಭ್ಯಾಸಕ್ಕ ನೀರು ಕೊಡ್ರಿ ಅಂತ. ನೀರಿನ ಕೊಸರು ಯಾರೂ ಕಾಯಂಗಿಲ್ಲ." ಬೋರಲಿಟ್ಟಿದ್ದ ಮಾಪನ್ನು ನೆಟ್ಟಗೆ ಮಾಡಿ, "ಹೋಗು, ಬಸ್ಸು ತಪ್ಪತೈತಿ. ಪಾಸಾಗದ ಬಂದಿ ಅಂದ್ರ ಆಮ್ಯಾಲ ನೋಡ್ತೀನಿ ನಿನ್ನ."

ಸೋಮವಾರ ಪರೀಕ್ಷೆಗೆ ಕೂತವರು ಮೂವರು. ಮಲ್ಲೇಶ್ವರಿ ಎಂಟು ಪ್ರಶ್ನೆಗಳನ್ನು ಸಲೀಸಾಗಿ ಮುಗಿಸಿದಳು. ಒಂದೂವರೆ ಗುಳಿಗೆ ಬಂದಲ್ಲಿ ಒಂದೂವರೆಯನ್ನೇ ಬರೆದಳು. ಒಂಬತ್ತನೆಯದು ಸಲೈನ್: ಸಾವಿರ ಎಂ.ಎಲ್., ಎಂಟು ತಾಸು, ಎಂ.ಎಲ್.ಗೆ ಇಪ್ಪತ್ತು ಹನಿ. ನಿಮಿಷಕ್ಕೆ ಎಷ್ಟು?

ಇಪ್ಪತ್ತು ಸಾವಿರ ಹನಿ, ನಾನೂರ ಎಂಬತ್ತು ನಿಮಿಷ. 41.66 ಬಂತು.

ಪೆನ್ನು 41 ಎಂದು ಬರೆಯಿತು. ಎರಡು ದಿನ ಮಾಪನ್ನು ಬೋರಲಿಟ್ಟ ಕೈ ಅದು, ಹೇಳಿದ ಹಾಗೆ ನಿಂತಿತು. ಮಲ್ಲೇಶ್ವರಿ ಕಾಗದ ಕೊಡಲು ಏಳಬೇಕು ಎನ್ನುವಾಗ ಮತ್ತೆ ಆ ಅಂಕಿ ನೋಡಿದಳು. ಪಾಯಿಂಟಿನ ಮುಂದೆ ಆರು ಇತ್ತು. ಆರು ಐದಕ್ಕಿಂತ ದೊಡ್ಡದು. ಹನಿ ಏರಿಸಬೇಕು. ಆದರೆ ಏರಿಸುವುದೇ ತನ್ನ ರೋಗವಲ್ಲವೇ? ಇದು ಅಂಕಿ ಹೇಳುತ್ತಿದೆಯೋ, ಕುಷ್ಟಗಿಯ ಅಂಗಡಿ ಹೇಳುತ್ತಿದೆಯೋ? ಅವಳು ಲೆಕ್ಕವನ್ನು ಮೊದಲಿನಿಂದ ಮಾಡಿದಳು. ಮತ್ತೆ 41.66. ಹಾಗಾದರೆ 41 ಬರೆದದ್ದು ಶಿಸ್ತಲ್ಲ, ಹೆದರಿಕೆ. ಅದನ್ನು ಹೊಡೆದು 42 ಬರೆದಳು.

ಹತ್ತನೆಯದಕ್ಕೆ ಟ್ರೇಯ ಮುಂದೆ ನಿಂತಾಗ ಶೈಲಜಾ ಮೇಡಂ, "ಪಾಯಿಂಟ್ ನಾಲ್ಕು ಐದು" ಎಂದರು. ಮಲ್ಲೇಶ್ವರಿ ಎರಡು ಎಂ.ಎಲ್. ಸಿರಿಂಜನ್ನು ಮುಟ್ಟಲಿಲ್ಲ. ಒಂದು ಎಂ.ಎಲ್.ನದನ್ನು ತೆಗೆದು ಅರ್ಧದ ತನಕ ಎಳೆದಳು, ಬೆರಳಿನಿಂದ ತಟ್ಟಿ ಗುಳ್ಳೆ ಮೇಲಕ್ಕೆ ತಂದಳು, ತಳ್ಳಿದಳು. ಗುಳ್ಳೆ ಹೋಯಿತು. ಅದರ ಹಿಂದೆ ಒಂದು ಹನಿ ನೀರು ಸೂಜಿಯ ತುದಿಯಲ್ಲಿ ನಿಂತು ಟ್ರೇಗೆ ಬಿತ್ತು. ಕಪ್ಪು ರಬ್ಬರು ಗೆರೆಗೆ ಬಂದಿತ್ತು. ಕೈ ನಿಂತಿತು.

ಮೇಡಂ ಬೆಳಕಿಗೆ ಹಿಡಿದರು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿದರು.

"ಒಂಬತ್ತನೇದರಾಗ ನಲವತ್ತೊಂದು ಹೊಡದು ನಲವತ್ತೆರಡು ಮಾಡೀಯಲ್ಲ. ಯಾಕ?"

"ಪಾಯಿಂಟ್ ಆರು ಇತ್ರಿ. ಅಂಕಿ ಹೇಳ್ತು."

"ಗುರುವಾರ ಮಕ್ಕಳ ವಾರ್ಡು. ಏಳೂವರಿಗೆ ಬಾ. ಏಳೂವರಿ ಅಂದ್ರ ಏಳೂವರಿ."

ಮಕ್ಕಳ ವಾರ್ಡಿನಲ್ಲಿ ಮೂರನೆಯ ದಿನ ಅವಳಿಗೆ ಸಿಕ್ಕ ಕೂಸು ಹನ್ನೆರಡು ಕಿಲೋದ್ದು. ಜ್ವರ. ಕಿಲೋಗೆ ಹದಿನೈದರಂತೆ ನೂರ ಎಂಬತ್ತು ಮಿಲಿಗ್ರಾಂ. ಸಿರಪ್ಪಿನ ಐದು ಎಂ.ಎಲ್.ನಲ್ಲಿ ನೂರಿಪ್ಪತ್ತೈದು. ಪರೀಕ್ಷೆಯದೇ ಲೆಕ್ಕ, 7.2. ಅಳತೆಯ ಕಪ್ಪನ್ನು ಬಿಟ್ಟು, ಬಾಯಿಗೆ ಹಾಕುವ ಸಿರಿಂಜಿನಲ್ಲಿ ಗೆರೆಗೆ ಎಳೆದು ಸ್ಟಾಫ್ ನರ್ಸಿಗೆ ತೋರಿಸಿದಳು. ಅವರು ತಲೆಯಾಡಿಸಿದರು. ಕೂಸಿನ ಅಜ್ಜಿ ಮಾರೆಮ್ಮ ಗಂಗಾವತಿ ಕಡೆಯ ಗದ್ದೆಯಿಂದ ನಾಟಿ ಬಿಟ್ಟು ಬಂದವಳು. ಸೊಂಟಕ್ಕೆ ಸೆರಗು ಬಿಗಿದುಕೊಂಡೇ ಹಾಸಿಗೆಯ ಪಕ್ಕ ಕೂತಿದ್ದಳು.

ಔಷಧ ಒಳಗೆ ಹೋದ ಮೇಲೆ ಮಾರೆಮ್ಮ ಬಾಟಲಿಯ ಕಡೆ ನೋಡಿದಳು, ಮಲ್ಲೇಶ್ವರಿಯ ಕಡೆ ನೋಡಿದಳು. ಕೂಸಿನ ಬಾಯಿಯನ್ನು ಇನ್ನೂ ತೆರೆದೇ ಹಿಡಿದಿದ್ದಳು. ಮಲ್ಲೇಶ್ವರಿಗೆ ಆ ಕಾಯುವಿಕೆ ಗೊತ್ತಿತ್ತು. ರಾಜಾಸಾಬನ ಬಾಟಲಿ ಹಾಗೆಯೇ ತೆರೆದಿತ್ತು.

"ಇನ್ನೊಂದೀಟು ಹಾಕ ಯವ್ವ. ಬಾಟ್ಲಿ ತುಂಬ ಐತಲ್ಲ."

"ಇಷ್ಟ ಅಮ್ಮ. ಇದರ ತೂಕಕ್ಕ ಇಷ್ಟ."

"ಎರಡ ಹನಿ. ದೂರದಿಂದ ಬಂದೀವಿ."

"ದೂರಕ್ಕ ಔಷಧ ಇಲ್ಲಮ್ಮ, ತೂಕಕ್ಕ ಐತಿ. ಆರು ತಾಸು ಬಿಟ್ಟು ನೋಡ್ತಾರ."

ಮಾರೆಮ್ಮ ಕೂಸಿನ ಬಾಯಿ ಮುಚ್ಚಿದಳು. ಪಕ್ಕದ ಹಾಸಿಗೆಯವಳಿಗೆ, ಕೇಳಲಿ ಎಂದೇ, "ಸರಕಾರ ಕೊಟ್ಟದ್ದನ್ನ ಇಕಿ ಹಿಡದ ಹಿಡದ ಹಾಕ್ತಾಳ ನೋಡು" ಎಂದಳು. ಮಲ್ಲೇಶ್ವರಿ ಸಿರಿಂಜು ತೊಳೆಯಲು ಹೋದಳು. ಹದಿನೈದು ನಿಮಿಷ ಬಿಟ್ಟು ಬಂದಾಗ ಮಾರೆಮ್ಮ ಅವಳ ಕೈಗೆ ಅರ್ಧ ಸಿಪ್ಪೆ ಸುಲಿದ ಬಾಳೆಹಣ್ಣು ತುರುಕಿ, "ತಿನ್ನು, ನೀನೂ ಬಡಕಲ ಆಗೀ" ಎಂದಳು. ಅದು ಕೊಸರೇ. ತೂಕ ನೋಡಿ ಕೊಟ್ಟದ್ದು.

ಸಂಜೆ ಅವ್ವನ ಫೋನು ಬಂತು. ಪಾಸಾದ ಸುದ್ದಿ ಸೋಮವಾರವೇ ಗೊತ್ತಾಗಿತ್ತು, ಇದು ಬೇರೆ ಸುದ್ದಿ.

"ರಾಜಾಸಾಬನ ಮನಿಗೆ ನಾನ ಹೋಗಿದ್ದೆ, ಒಂದ ಬಾಟ್ಲಿ ಎಣ್ಣಿ ತಗೊಂಡು. ಚಹಾ ಕೊಟ್ರು. ಎಣ್ಣಿ ತಗೋಲಿಲ್ಲ."

"ಯಾಕಂತ?"

"ಆ ತುದಿ ಅಂಗಡ್ಯಾಗ ಲೀಟರ್ ಒಯ್ದಾನಂತ. ಖಾಲಿ ಆದಮ್ಯಾಲ ನೋಡೂಣ ಅಂದ."

"ಲೀಟರ್ ಅಂದ್ರ ಅವರ ಮನ್ಯಾಗ ಒಂದ ತಿಂಗಳ ಬರತೈತಿ ಯವ್ವ. ಆಮ್ಯಾಲ ಬರ್ತಾನ."

"ಲೆಕ್ಕ ನಿಂದು ಛಲೋ ಐತಿ" ಎಂದು ಶೇಖರಮ್ಮ ಫೋನಿಟ್ಟಳು.

ಅವನು ಬರಲಿಲ್ಲ. ಆ ಎರಡು ದಿನದಲ್ಲಿ ಅಂಗಡಿ ಬಿಟ್ಟ ಖಾಯಂ ಗಿರಾಕಿಗಳು ಆರು. ದೀಪಾವಳಿಯ ಹೊತ್ತಿಗೆ ನಾಲ್ವರು ತಿರುಗಿ ಬಂದರು. ತಿರುಗಿ ಬಾರದವರು ಇಬ್ಬರು, ಅವರಲ್ಲಿ ರಾಜಾಸಾಬ ಒಬ್ಬ.